ನಿಪ್ಪಾಣಿ ಯಾರದು ಅಂತ ಕೇಳುವ ಮುಂಚೆ

ಮಹಾರಾಷ್ಟ್ರದ ಜೊತೆಗಿನ ಗಡಿ ವಿವಾದದ ಮಾತು ಎದ್ದಾಗಲೆಲ್ಲ ಕರ್ನಾಟಕದ ಕಡೆಯಿಂದ ಒಂದೇ ಉತ್ತರ ಬರುತ್ತದೆ: ಮಹಾಜನ ವರದಿಯೇ ಅಂತಿಮ. ಈ ವಿವಾದದ ಬಗ್ಗೆ ಕೇಂದ್ರ ನೇಮಿಸಿದ ಆಯೋಗ 1967ರಲ್ಲಿ ಕೊಟ್ಟ ವರದಿ ಅದು. ಯಾವ ಪಕ್ಷದ ಸರ್ಕಾರ ಇದ್ದರೂ ಈ ಮಾತು ಬದಲಾಗಿಲ್ಲ. ಆದರೆ ಆ ವರದಿಯಲ್ಲಿ ಏನೇನಿದೆ ಅಂತ ಕೇಳಿದರೆ ಹೆಚ್ಚಿನವರಿಗೆ ಗೊತ್ತಿರುವುದು ಅರ್ಧ ಮಾತ್ರ. ಬೆಳಗಾವಿ ನಗರ ಕರ್ನಾಟಕದಲ್ಲೇ ಇರಬೇಕು ಅಂತ ಅದು ಹೇಳಿದ್ದು ನಿಜ. ಅದೇ ವರದಿ 264 ಊರುಗಳನ್ನು ಮಹಾರಾಷ್ಟ್ರಕ್ಕೆ ಕೊಡಿ ಅಂತಲೂ ಹೇಳಿದೆ. ಆ ಪಟ್ಟಿಯಲ್ಲಿ ಖಾನಾಪುರ ಇದೆ. ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡ ಇದೆ. ನಿಪ್ಪಾಣಿಯೂ ಇದೆ.

ಅಂದರೆ ನಾವು ಕೇಳುತ್ತಿರುವುದನ್ನು ಯಾರಾದರೂ ಅಕ್ಷರಶಃ ಜಾರಿ ಮಾಡಿದರೆ ನಿಪ್ಪಾಣಿ ನಮ್ಮ ನಕಾಶೆಯಿಂದ ಹೊರಗೆ ಹೋಗುತ್ತದೆ. ಇದು ಯಾಕೆ ಹೀಗಾಯಿತು, ಈ ಊರು ಎಂಥದ್ದು, ಇಲ್ಲಿನ ಜನ ಯಾವುದಕ್ಕೆ ಬಡಿದಾಡಿದರು ಅನ್ನುವುದನ್ನು ಒಂದು ಕಡೆ ಕೂತು ಹೇಳಬೇಕು ಅನ್ನಿಸಿತು. ಯಾಕೆಂದರೆ ನಿಪ್ಪಾಣಿ ಅಂದ ಕೂಡಲೇ ನಮಗೆ ಗಡಿ ಜಗಳ ನೆನಪಾಗುತ್ತದೆ, ಅಲ್ಲಿಗೆ ಮಾತು ಮುಗಿಯುತ್ತದೆ. ಊರಿನ ನಿಜವಾದ ಚರಿತ್ರೆ ಇರುವುದು ಬೇರೆ ಕಡೆ. ಅದು ಇರುವುದು ತಂಬಾಕಿನ ವಖಾರಿಗಳಲ್ಲಿ, ಅಂದರೆ ಗೋದಾಮುಗಳಲ್ಲಿ.

ಮೊದಲು ಊರು ಎಲ್ಲಿದೆ ನೋಡೋಣ. ಬೆಳಗಾವಿಯಿಂದ ಪುಣೆ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟರೆ ಸಂಕೇಶ್ವರ ಆಗಿ, ತವಂದಿ ಘಾಟ್ ಇಳಿದು ನಿಪ್ಪಾಣಿ. ಸುಮಾರು 70 ಕಿಲೋಮೀಟರ್. ಮುಂದೆ ಕೊಗನೋಳಿ ಟೋಲ್, ಆಮೇಲೆ ದೂಧಗಂಗಾ ನದಿ, ಅದನ್ನು ದಾಟಿದರೆ ಮಹಾರಾಷ್ಟ್ರದ ಕಾಗಲ. ಕೊಲ್ಹಾಪುರ ನಿಪ್ಪಾಣಿಯಿಂದ 40 ಕಿಲೋಮೀಟರ್ ಅಷ್ಟೇ. ಹಾಗಾಗಿ ದೊಡ್ಡ ಆಸ್ಪತ್ರೆ, ಮದುವೆ ಬಟ್ಟೆ, ಕಾಲೇಜು, ಯಾವುದೇ ಆದರೂ ಇಲ್ಲಿನವರಿಗೆ ಬೆಳಗಾವಿಗಿಂತ ಕೊಲ್ಹಾಪುರವೇ ಹತ್ತಿರ. ಈ ದಕ್ಷಿಣ-ಉತ್ತರ ರಸ್ತೆಯ ಜೊತೆಗೆ ಇನ್ನೊಂದು ದಾರಿಯೂ ಇದೆ. ಪಶ್ಚಿಮಕ್ಕೆ ರಾಧಾನಗರಿ, ಫೋಂಡಾ ಘಾಟ್ ಮೂಲಕ ಕೊಂಕಣದ ದೇವಗಡಕ್ಕೆ ಹೋಗುತ್ತದೆ. ಪೂರ್ವಕ್ಕೆ ಚಿಕ್ಕೋಡಿ ಕಡೆಯಿಂದ ಮುಧೋಳಕ್ಕೆ. ಬಯಲು ಸೀಮೆಯ ಕಾಳು ಕಡಿ ಕೊಂಕಣಕ್ಕೆ ಇಳಿಯಬೇಕು, ಕೊಂಕಣದ ಸರಕು ಬಯಲಿಗೆ ಹತ್ತಬೇಕು ಅಂದರೆ ನಡುವೆ ಒಂದು ಪೇಟೆ ಬೇಕಲ್ವಾ, ಆ ಪೇಟೆ ಇದು. 2011ರ ಜನಗಣತಿಯಲ್ಲಿ ಇದ್ದದ್ದು 60 ಸಾವಿರದ ಆಸುಪಾಸಿನ ಜನ. ಆದರೆ ಪೇಟೆಯ ವಹಿವಾಟು ಯಾವತ್ತೂ ಜನಸಂಖ್ಯೆಗಿಂತ ದೊಡ್ಡದು.

ಪೇಟೆಗೆ ಹೆಸರು ತಂದವರು ಇಲ್ಲಿನ ದೇಸಾಯಿಗಳು. ಸಿಧೋಜಿರಾವ್ ನಿಂಬಾಳಕರ ಅನ್ನುವವರು, ಮರಾಠಾ ಕಾಗದಪತ್ರಗಳಲ್ಲಿ ಅಪ್ಪಾ ದೇಸಾಯಿ ನಿಪಾಣಕರ ಅಂತಲೇ ಬರುತ್ತಾರೆ. ಪೇಶ್ವೆಯ ಸರದಾರ. 1803ರಲ್ಲಿ ಬ್ರಿಟಿಷ್ ದಂಡನಾಯಕ ಆರ್ಥರ್ ವೆಲ್ಲೆಸ್ಲಿ ಪುಣೆ ಕಡೆ ದಂಡು ಕಟ್ಟಿಕೊಂಡು ಹೋದಾಗ ಈ ದೇಸಾಯಿಯ ಕುದುರೆಗಳೂ ಜೊತೆಗಿದ್ದವು. ಆ ಮನೆತನದ ವಾಡೆ ಊರಲ್ಲಿ ಇವತ್ತಿಗೂ ಇದೆ. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿಯಿತು, 1839ರಲ್ಲಿ ನಿಪ್ಪಾಣಿಯೂ ಬ್ರಿಟಿಷರ ಕೈ ಸೇರಿತು.

ಇಲ್ಲಿಂದ ಗಡಿಯ ಕತೆ ಶುರು. ಆಗಿನ ನಕಾಶೆ ನೋಡಿದರೆ ಈ ಭಾಗ ನಮ್ಮ ಉತ್ತರ ಕರ್ನಾಟಕದ ಕೌದಿಯ ಹಾಗೆ ಕಾಣುತ್ತದೆ. ಒಂದು ತುಂಡು ಬ್ರಿಟಿಷರ ಬೆಳಗಾವಿ ಜಿಲ್ಲೆ, ಪಕ್ಕದ್ದು ಕೊಲ್ಹಾಪುರ ಸಂಸ್ಥಾನ, ನಡುನಡುವೆ ಸಾಂಗಲಿ, ಮೀರಜ್, ಕುರುಂದವಾಡ, ಜಮಖಂಡಿಯ ಪಟವರ್ಧನ ಮನೆತನದವರ ಊರುಗಳು. ಯಾವ ತುಂಡನ್ನೂ ಭಾಷೆ ನೋಡಿ ಕತ್ತರಿಸಿರಲಿಲ್ಲ. ಯಾರು ಯಾರಿಗೆ ಯುದ್ಧದಲ್ಲಿ ನೆರವಾದರು, ಯಾರಿಗೆ ಯಾವ ಊರು ಇನಾಮು ಬಂತು ಅನ್ನುವುದರ ಮೇಲೆ ಗೆರೆ ಬಿದ್ದಿತ್ತು. ಇಡೀ ಬೆಳಗಾವಿ ಜಿಲ್ಲೆ ಮುಂಬೈ ಪ್ರಾಂತದೊಳಗೆ ಸೇರಿತು. ದೇಸಾಯಿಗಳ ದಫ್ತರವೂ ಮರಾಠಿ, ಬ್ರಿಟಿಷರು ಶುರುವಿನಲ್ಲಿ ತೆರೆದ ಶಾಲೆಗಳೂ ಹೆಚ್ಚಿನವು ಮರಾಠಿ. ಕನ್ನಡ ಮಾತಾಡುವ ಊರಲ್ಲೂ ಮಕ್ಕಳು ಮರಾಠಿ ಅಕ್ಷರ ಕಲಿತ ಕಾಲ ಅದು. ಡೆಪ್ಯೂಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ಜೀವ ತೇಯ್ದದ್ದು ಇದೇ ಕಾರಣಕ್ಕೆ. ಇದೆಲ್ಲದರ ನಡುವೆ ನಿಪ್ಪಾಣಿಯಂಥ ಪೇಟೆಯಲ್ಲಿ ಎರಡೂ ಭಾಷೆ ಬೆರೆತೇ ಬೆಳೆದವು. ಅಂಗಡಿಯ ಮಾತು ಮರಾಠಿ, ಸಂತೆಗೆ ಬಂದ ಚಿಕ್ಕೋಡಿ ಕಡೆಯ ರೈತನ ಜೊತೆ ಕನ್ನಡ. ಇದರಲ್ಲಿ ಯಾರಿಗೂ ಕಷ್ಟ ಇರಲಿಲ್ಲ.

1953ರ ಡಿಸೆಂಬರ್‌ನಲ್ಲಿ ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ.ಎಂ. ಪಣಿಕ್ಕರ್ ಇದ್ದ ರಾಜ್ಯ ಪುನರ್ವಿಂಗಡಣಾ ಆಯೋಗ ಬಂತು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಚಂದಗಡ ತಾಲ್ಲೂಕು ಮಾತ್ರ ಮುಂಬೈ ರಾಜ್ಯದ ಪಾಲಿಗೆ ಉಳಿಯಿತು.

ಇಡೀ ವಿವಾದ ಅರ್ಥವಾಗಬೇಕಾದರೆ ಒಂದು ವಿಷಯ ಹಿಡಿದುಕೊಳ್ಳಬೇಕು. ಭಾಷೆ ನೋಡಿ ಗಡಿ ಹಾಕಿ ಅಂತ ಹೇಳುವುದು ಸುಲಭ. ಎಷ್ಟು ದೊಡ್ಡ ಜಾಗವನ್ನು ಒಂದು ಘಟಕ ಅಂತ ಹಿಡಿದು ತಲೆ ಎಣಿಸಬೇಕು? ಜಿಲ್ಲೆಯೋ, ತಾಲ್ಲೂಕೋ, ಹಳ್ಳಿಯೋ? ಉತ್ತರ ಇದರ ಮೇಲೇ ನಿಂತಿದೆ. 1956ರಲ್ಲಿ ಎಣಿಸಿದ್ದು ಹೆಚ್ಚಾಗಿ ಜಿಲ್ಲೆಯ ಲೆಕ್ಕದಲ್ಲಿ, ಕೆಲವು ಕಡೆ ತಾಲ್ಲೂಕಿನ ಲೆಕ್ಕದಲ್ಲಿ. ನಿಪ್ಪಾಣಿ ಇದ್ದದ್ದು ಚಿಕ್ಕೋಡಿ ತಾಲ್ಲೂಕಿನಲ್ಲಿ. ಚಿಕ್ಕೋಡಿ ತಾಲ್ಲೂಕನ್ನು ಒಟ್ಟಾಗಿ ನೋಡಿದರೆ ಕನ್ನಡದವರು ಜಾಸ್ತಿ. ಹಾಗಾಗಿ ತಾಲ್ಲೂಕಿನ ಜೊತೆ ನಿಪ್ಪಾಣಿಯೂ ಬಂತು. ಆದರೆ ಅದೇ ತಾಲ್ಲೂಕನ್ನು ಹಳ್ಳಿ ಹಳ್ಳಿಯಾಗಿ ಬಿಡಿಸಿ ನೋಡಿದರೆ ನಿಪ್ಪಾಣಿ ಪೇಟೆಯಲ್ಲೂ ಅದರ ಸುತ್ತಲಿನ ಹಲವು ಊರುಗಳಲ್ಲೂ ಮರಾಠಿಯವರು ಜಾಸ್ತಿ. ಒಂದೇ ಜನ, ಒಂದೇ ನೆಲ. ಎಣಿಸುವ ರೀತಿ ಬದಲಾದರೆ ರಾಜ್ಯ ಬದಲಾಗುತ್ತದೆ.

1957ರಲ್ಲಿ ಮುಂಬೈ ಸರ್ಕಾರ ಕೇಂದ್ರಕ್ಕೆ ಮನವಿ ಕೊಟ್ಟಿದ್ದು ಹಳ್ಳಿಯನ್ನೇ ಘಟಕ ಮಾಡಿ ಅಂತ. ಆಂಧ್ರ-ಮದ್ರಾಸ್ ಗಡಿಯಲ್ಲಿ ಮಧ್ಯಸ್ಥಿಕೆ ವಹಿಸಿದ್ದ ಪಾಟಸ್ಕರ್ ಅವರು ಇದೇ ಸೂತ್ರ ಬಳಸಿದ್ದರು, ಅದನ್ನೇ ಇಲ್ಲೂ ಬಳಸಿ ಅನ್ನುವುದು ಅವರ ವಾದ. 814 ಊರುಗಳನ್ನು ಕೇಳಿದರು. ಮೈಸೂರು ಒಪ್ಪಲಿಲ್ಲ. 1960ರಲ್ಲಿ ಎರಡೂ ಕಡೆಯವರ ಸಮಿತಿ ಕೂತಿತು, ಬಗೆಹರಿಯಲಿಲ್ಲ. 1966ರಲ್ಲಿ ಸ್ವಾತಂತ್ರ್ಯ ಹೋರಾಟಗಾರ ಸೇನಾಪತಿ ಬಾಪಟ್ ಮಹಾರಾಷ್ಟ್ರದ ಪರವಾಗಿ ಉಪವಾಸ ಕೂತರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನ್ ಅವರ ಏಕಸದಸ್ಯ ಆಯೋಗ ನೇಮಿಸಿತು. ಆಯೋಗ ಬೇಕು ಅಂತ ಹಟ ಹಿಡಿದದ್ದು ಮಹಾರಾಷ್ಟ್ರ. 1967ರ ಆಗಸ್ಟ್‌ನಲ್ಲಿ ವರದಿ ಬಂದಾಗ ತಿರಸ್ಕರಿಸಿದ್ದೂ ಮಹಾರಾಷ್ಟ್ರವೇ, ಯಾಕೆಂದರೆ ಬೆಳಗಾವಿ ಅವರಿಗೆ ಸಿಗಲಿಲ್ಲ. ವರದಿಯ ಪ್ರಕಾರ ಕರ್ನಾಟಕಕ್ಕೆ ಮಹಾರಾಷ್ಟ್ರದ 247 ಊರುಗಳು ಬರಬೇಕಿತ್ತು, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕಡೆಯವು. ಕೇರಳದಿಂದ ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಭಾಗವೂ ಬರಬೇಕಿತ್ತು. ಒಂದೂ ಜಾರಿಯಾಗಲಿಲ್ಲ.

ಈ ಲೆಕ್ಕದಲ್ಲಿ ಒಂದು ವಿಷಯ ನನ್ನನ್ನು ಬಹಳ ಕಾಡುತ್ತದೆ. ಮಹಾಜನ ವರದಿ ಬೇಕು ಅಂದಾಗ ನಾವು ಬೆಳಗಾವಿಯನ್ನು ಉಳಿಸಿಕೊಳ್ಳುವ ಮಾತಾಡುತ್ತಿದ್ದೇವೆ, ಸರಿ. ಆದರೆ ನಿಪ್ಪಾಣಿಯಲ್ಲಿ, ನಂದಗಡದಲ್ಲಿ, ಖಾನಾಪುರದಲ್ಲಿ ಕನ್ನಡಕ್ಕಾಗಿ ದುಡಿದ ಜನರಿಗೆ ಆ ಮಾತು ಹೇಗೆ ಕೇಳಿಸಬಹುದು? ಆ ಕಡೆ ಅಕ್ಕಲಕೋಟೆಯ ಕನ್ನಡಿಗರಿಗೆ ಅದೇ ಮಾತು ಭರವಸೆಯಾಗಿ ಕೇಳಿಸುತ್ತದೆ. ಒಂದೇ ಘೋಷಣೆ ಒಬ್ಬರನ್ನು ಒಳಗೆ ಕರೆಯುತ್ತದೆ, ಇನ್ನೊಬ್ಬರನ್ನು ಹೊರಗೆ ಬಿಡುತ್ತದೆ. ಘೋಷಣೆ ಕೂಗುವವರು ಇದನ್ನು ತಿಳಿದುಕೊಂಡೇ ಕೂಗಬೇಕು ಅನ್ನುವುದು ನನ್ನ ಅಭಿಪ್ರಾಯ.

2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ರಾಜ್ಯ ರಾಜ್ಯಗಳ ನಡುವಿನ ವ್ಯಾಜ್ಯ ನೇರವಾಗಿ ಸುಪ್ರೀಂ ಕೋರ್ಟ್ ಕೇಳಬಹುದು ಅನ್ನುತ್ತದೆ ಸಂವಿಧಾನದ 131ನೇ ವಿಧಿ. ರಾಜ್ಯದ ಗಡಿ ಬದಲಿಸುವ ಅಧಿಕಾರ ಸಂಸತ್ತಿನದ್ದು ಅನ್ನುತ್ತದೆ 3ನೇ ವಿಧಿ. ಕರ್ನಾಟಕ ಹಿಡಿದಿರುವುದು ಈ ಎರಡನೆಯದನ್ನು. ಹೀಗೆ ದಾವೆ ವರ್ಷಗಟ್ಟಲೆ ಎಳೆದುಕೊಂಡು ಬಂದಿದೆ.

ಈಗ ತಂಬಾಕಿಗೆ ಬರೋಣ.

ದೇಶದಲ್ಲಿ ಬೀಡಿ ತಂಬಾಕಿಗೆ ಹೆಸರಾದ ಸೀಮೆಗಳು ಎರಡು. ಒಂದು ಗುಜರಾತಿನ ಚರೋತರ, ಇನ್ನೊಂದು ನಿಪ್ಪಾಣಿ. ಧಾರವಾಡ ಕೃಷಿ ವಿಶ್ವವಿದ್ಯಾಲಯ ಬೀಡಿ ತಂಬಾಕಿಗಾಗಿ ಇಲ್ಲೇ ಸಂಶೋಧನಾ ಕೇಂದ್ರ ನಡೆಸುತ್ತದೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಬೆಳೆಯುವುದು ಸಿಗರೇಟಿನ ವರ್ಜೀನಿಯಾ ತಂಬಾಕು, ಅದನ್ನು ಬ್ಯಾರನ್ನಿನಲ್ಲಿ ಬೆಂಕಿಯ ಬಿಸಿಯಲ್ಲಿ ಹದ ಮಾಡುತ್ತಾರೆ. ನಿಪ್ಪಾಣಿಯದ್ದು ಕಪ್ಪು ಮಣ್ಣಿನ, ಮಳೆ ನಂಬಿದ ಬೆಳೆ, ಒಣಗುವುದು ಹೊಲದಲ್ಲೇ ಬಿಸಿಲಿಗೆ. ಮಳೆಗಾಲದಲ್ಲಿ ಮಡಿಯಲ್ಲಿ ಸಸಿ ಮಾಡಿ ನಾಟಿ ಮಾಡುತ್ತಾರೆ. ಗಿಡ ಹೂ ಬಿಡುವ ಹೊತ್ತಿಗೆ ತುದಿ ಮುರಿಯಬೇಕು. ತುದಿ ಮುರಿದರೆ ಗಿಡದ ಶಕ್ತಿಯೆಲ್ಲ ಎಲೆಗೆ ಇಳಿದು ಎಲೆ ದಪ್ಪವಾಗುತ್ತದೆ, ಖಾರ ಏರುತ್ತದೆ. ಆದರೆ ತುದಿ ಹೋದ ಗಿಡ ಸುಮ್ನೆ ಇರುವುದಿಲ್ಲ, ಎಲೆಯ ಬುಡದಲ್ಲೆಲ್ಲ ಹೊಸ ಕುಡಿ ಒಡೆಯುತ್ತದೆ. ಅದನ್ನೂ ಮತ್ತೆ ಮತ್ತೆ ಚಿವುಟಬೇಕು. ಈ ಕೆಲಸ ಮಾಡಿದವರ ಕೈಗೆ ಅಂಟು ಹತ್ತಿ ಬೆರಳು ಕಪ್ಪಾಗುತ್ತದೆ. ತೊಳೆದರೂ ಹೋಗುವುದಿಲ್ಲ, ಆ ಕೈಯಲ್ಲಿ ಊಟ ಮಾಡಿದರೆ ರೊಟ್ಟಿಯೂ ಕಹಿ.

ಚಳಿಗಾಲ ಕಳೆಯುವ ಹೊತ್ತಿಗೆ ಕೊಯ್ಲು. ಒಣಗಿದ ಮಾಲು ವಖಾರಿಗೆ ಬರುತ್ತದೆ. ವಖಾರಿ ಅಂದರೆ ವ್ಯಾಪಾರಿಗಳ ದೊಡ್ಡ ಗೋದಾಮು, ಗೋದಾಮಿನೊಳಗೇ ಕಾರ್ಖಾನೆ. ಅಲ್ಲಿ ಎಲೆಯನ್ನು ಬಡಿದು ಪುಡಿ ಮಾಡುತ್ತಾರೆ, ಜರಡಿ ಹಿಡಿದು ಕಡ್ಡಿ ಬೇರೆ, ಪುಡಿ ಬೇರೆ, ಬೀಡಿಗೆ ಬೇಕಾದ ಹದದ ಜರ್ದಾ ಬೇರೆ ಮಾಡುತ್ತಾರೆ. ಬಡಿಯುವವರು, ಜರಡಿ ಹಿಡಿಯುವವರು ಹೆಚ್ಚಾಗಿ ಹೆಂಗಸರು. ತಂಬಾಕಿನ ಘಾಟು ಮೂಗಿಗೆ ಬಡಿದರೆ ಹೊಸಬರು ಅಲ್ಲಿ ಐದು ನಿಮಿಷ ನಿಲ್ಲಲಾರರು. ಸೀರೆ ಸೆರಗನ್ನು ಮೂಗು ಬಾಯಿಗೆ ಕಟ್ಟಿಕೊಂಡು ಇಡೀ ದಿನ ಅದರೊಳಗೇ ಕೂರುವವರು ಈ ಹೆಂಗಸರು. ಅಲ್ಲಿಂದ ಜರ್ದಾ ಬೀಡಿ ಕಟ್ಟುವವರ ಮನೆ ಸೇರುತ್ತದೆ. ನೆನೆಸಿಟ್ಟ ಬೀಡಿ ಎಲೆಯನ್ನು ಅಳತೆಗೆ ಕತ್ತರಿಸಿ, ಮಡಿಲ ಮೇಲಿನ ಮೊರದಿಂದ ಚಿಟಿಕೆ ಜರ್ದಾ ಹಾಕಿ ಸುತ್ತಿ, ತುದಿ ಮಡಚಿ, ದಾರ ಕಟ್ಟುತ್ತಾರೆ. ಕೂಲಿ ಲೆಕ್ಕ ಸಾವಿರ ಬೀಡಿಗೆ ಇಷ್ಟು ಅಂತ.

ಈ ಸರಪಳಿಯಲ್ಲಿ ಬಲ ಇದ್ದದ್ದು ನಡುವಿನ ವ್ಯಾಪಾರಿಗೆ. ವರ್ಜೀನಿಯಾ ತಂಬಾಕಿಗೆ ತಂಬಾಕು ಮಂಡಳಿ ಇದೆ, ಹರಾಜು ಕಟ್ಟೆ ಇದೆ. ಬೀಡಿ ತಂಬಾಕಿಗೆ ಅಂಥದ್ದೇನೂ ಇಲ್ಲ. ರೈತ ವ್ಯಾಪಾರಿಯ ಹತ್ತಿರವೇ ಮುಂಗಡ ತಂದಿರುತ್ತಾನೆ, ಅವನಿಗೇ ಮಾಲು ಹಾಕಬೇಕು. ಮನೆಯಲ್ಲಿ ಇಟ್ಟುಕೊಂಡು ದರ ಏರಲಿ ಅಂತ ಕಾಯುವ ಶಕ್ತಿ ಅವನಿಗಿಲ್ಲ. ಮಾಲು ಕೊಟ್ಟ ಮೇಲೆ ದರ ಕಡಿಮೆ ಆಯಿತು ಅಂದರೆ ಕೇಳುವವರಿಲ್ಲ, ದುಡ್ಡು ಯಾವಾಗ ಕೈಗೆ ಬರುತ್ತದೆ ಅನ್ನುವುದೂ ಗ್ಯಾರಂಟಿ ಇಲ್ಲ.

ಇದು ಒಡೆದದ್ದು 1981ರಲ್ಲಿ. ಹಿಂದಿನ ವರ್ಷ ಜುಲೈನಲ್ಲಿ ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗುಂಡು ಹಾರಿತ್ತು, ರಾಜ್ಯವೆಲ್ಲ ಕಾದ ಹಂಚಿನ ಮೇಲಿತ್ತು. ಆ ಕಡೆ ಮಹಾರಾಷ್ಟ್ರದಲ್ಲಿ ಶರದ್ ಜೋಶಿಯವರ ಶೇತ್ಕರಿ ಸಂಘಟನೆ ಈರುಳ್ಳಿ, ಕಬ್ಬಿನ ದರಕ್ಕಾಗಿ ರಸ್ತೆಗಿಳಿದಿತ್ತು. ನಿಪ್ಪಾಣಿಯ ತಂಬಾಕು ರೈತರು ಜೋಶಿಯವರನ್ನು ಕರೆದರು. ಊರಿನಲ್ಲಿ ಇದಕ್ಕೆ ಹೆಗಲು ಕೊಟ್ಟವರು ಕಾಲೇಜು ಮೇಷ್ಟ್ರಾಗಿದ್ದ ಸುಭಾಷ್ ಜೋಶಿ. ಮಾರ್ಚ್‌ನಲ್ಲಿ ಸಾವಿರಾರು ರೈತರು ಎತ್ತಿನ ಗಾಡಿಗಳನ್ನು ಕಟ್ಟಿಕೊಂಡು ಬಂದು ಪುಣೆ-ಬೆಂಗಳೂರು ಹೆದ್ದಾರಿಯಲ್ಲೇ ಬಿಡಾರ ಹೂಡಿದರು. ಒಂದು ದಿನ ಎರಡು ದಿನದ ಬಂದ್ ಅಲ್ಲ, ವಾರಗಟ್ಟಲೆ. ರಸ್ತೆಯ ಮೇಲೇ ಅಡುಗೆ, ರಸ್ತೆಯ ಮೇಲೇ ನಿದ್ದೆ. ಹಳ್ಳಿಗಳಿಂದ ರೊಟ್ಟಿ ಗಂಟು ಬರುತ್ತಿತ್ತು.

ಏಪ್ರಿಲ್ 6ರಂದು ಪೊಲೀಸರು ಬಿಡಾರ ತೆರವು ಮಾಡಲು ಇಳಿದರು, ಗುಂಡು ಹಾರಿಸಿದರು. ಹತ್ತಕ್ಕೂ ಹೆಚ್ಚು ರೈತರು ಸತ್ತರು. ಆಗ ಮುಖ್ಯಮಂತ್ರಿ ಆರ್. ಗುಂಡೂರಾವ್.

ನರಗುಂದ ಬಂಡಾಯ ನಮಗೆಲ್ಲ ಗೊತ್ತು. ಅಲ್ಲಿ ವೀರಗಲ್ಲು ಇದೆ, ಪ್ರತಿವರ್ಷ ಹುತಾತ್ಮರ ದಿನ ಇದೆ, ರೈತ ಸಂಘದ ಚರಿತ್ರೆ ಅಲ್ಲಿಂದಲೇ ಶುರುವಾಗುತ್ತದೆ. ಒಂದು ವರ್ಷವೂ ತುಂಬುವ ಮೊದಲು ಇದೇ ರಾಜ್ಯದಲ್ಲಿ, ಇದೇ ಸರ್ಕಾರದ ಕಾಲದಲ್ಲಿ ಅಷ್ಟು ರೈತರು ಸತ್ತ ನಿಪ್ಪಾಣಿ ಯಾಕೆ ನಮ್ಮ ನೆನಪಿನಲ್ಲಿ ಅಷ್ಟು ಗಟ್ಟಿಯಾಗಿ ಇಲ್ಲ? ನನಗೆ ಅನ್ನಿಸುವ ಉತ್ತರ ಇದು. ಚಳವಳಿಯ ನಾಯಕ ಮಹಾರಾಷ್ಟ್ರದವರು, ಭಾಷಣಗಳು ಮರಾಠಿಯಲ್ಲಿ, ಹಾಗಾಗಿ ಅದು ಅವರ ಚರಿತ್ರೆಯ ಪುಸ್ತಕಕ್ಕೆ ಹೋಯಿತು. ಆದರೆ ಸತ್ತವರು ಕರ್ನಾಟಕದ ಹೆದ್ದಾರಿಯಲ್ಲಿ, ಕರ್ನಾಟಕದ ಪೊಲೀಸರ ಗುಂಡಿಗೆ ಸತ್ತರು. ತಂಬಾಕಿನ ದರ ಕೇಳಲು ಕೂತವರಲ್ಲಿ ಕನ್ನಡದವರೂ ಇದ್ದರು, ಮರಾಠಿಯವರೂ ಇದ್ದರು. ಅವರು ಗಡಿಯ ಮಾತೇ ಎತ್ತಿರಲಿಲ್ಲ. ಅವರನ್ನು ನಮ್ಮ ರೈತ ಚಳವಳಿಯ ಲೆಕ್ಕಕ್ಕೆ ಸೇರಿಸಿಕೊಳ್ಳದೆ ನಿಪ್ಪಾಣಿ ನಮ್ಮದು ಅಂತ ಹೇಳುವುದು ನನಗೆ ಸರಿ ಕಾಣುವುದಿಲ್ಲ.

ರೈತರಷ್ಟೇ ಎದ್ದು ನಿಂತದ್ದಲ್ಲ. ಅದೇ ಹೊತ್ತಿಗೆ ವಖಾರಿಯ ಹೆಂಗಸರೂ ಸಂಘ ಕಟ್ಟಿದ್ದರು. ಬೀಡಿ ಕಾರ್ಮಿಕರಿಗಾಗಿ ಕೇಂದ್ರದ ಕಾನೂನು 1966ರಲ್ಲೇ ಬಂದಿತ್ತು, ಕಲ್ಯಾಣ ನಿಧಿಯ ಕಾನೂನು 1976ರಲ್ಲಿ. ಕಾಗದದಲ್ಲಿ ಎಲ್ಲ ಇತ್ತು, ವಖಾರಿಯೊಳಗೆ ಏನೂ ಇರಲಿಲ್ಲ. ಕೆಲಸಕ್ಕೆ ಹೊತ್ತಿಲ್ಲ ಗೊತ್ತಿಲ್ಲ, ಕೂಲಿ ತೀರಾ ಕಡಿಮೆ, ಶೌಚಾಲಯ ಇಲ್ಲ, ಮೇಲ್ವಿಚಾರಕರ ಕಾಟ ಬೇರೆ. ಕೆಲಸದವರಲ್ಲಿ ದಲಿತ ಹೆಂಗಸರು, ಗಂಡ ಬಿಟ್ಟವರು, ದೇವದಾಸಿಯರು ಬಹಳ ಇದ್ದರು. ಮನೆಯಲ್ಲೂ ಆಸರೆ ಇಲ್ಲ, ಊರಲ್ಲೂ ಮರ್ಯಾದೆ ಇಲ್ಲ ಅನ್ನುವ ಸ್ಥಿತಿಯಲ್ಲಿದ್ದವರು ಮುಷ್ಕರ ಹೂಡಿ ದೊಡ್ಡ ದೊಡ್ಡ ಸಾಹುಕಾರರ ಗೇಟಿನ ಮುಂದೆ ನಿಂತರು. ದೀಪಾ ಧನರಾಜ್ ಮತ್ತವರ ಗೆಳತಿಯರ ಯುಗಾಂತರ ತಂಡ 1982ರಲ್ಲಿ ಇವರ ಹೋರಾಟವನ್ನು ಸಾಕ್ಷ್ಯಚಿತ್ರವಾಗಿ ಹಿಡಿದಿಟ್ಟಿತು. ಸಂಘಕ್ಕೆ ಸೇರುವ ಮುಂಚೆ ಎಷ್ಟು ಹೆದರುತ್ತಿದ್ದೆವು, ಆಮೇಲೆ ಹೇಗೆ ಧೈರ್ಯ ಬಂತು ಅನ್ನುವುದನ್ನು ಅದರಲ್ಲಿ ಆ ಹೆಂಗಸರೇ ಹೇಳುತ್ತಾರೆ. ಹೆಣ್ಣುಮಕ್ಕಳನ್ನು ದೇವದಾಸಿಯರಾಗಿ ಬಿಡುವುದನ್ನು ನಿಷೇಧಿಸುವ ಕರ್ನಾಟಕದ ಕಾನೂನು ಬಂದದ್ದೂ 1982ರಲ್ಲೇ.

ಈ ಧೈರ್ಯಕ್ಕೆ ಊರಿನಲ್ಲಿ ಹಳೆಯ ಬೇರು ಇದೆ ಅಂತ ನನಗೆ ಅನ್ನಿಸುತ್ತದೆ. 1925ರ ಏಪ್ರಿಲ್‌ನಲ್ಲಿ ಮುಂಬೈ ಪ್ರಾಂತದ ಬಹಿಷ್ಕೃತರ, ಅಂದರೆ ಅಸ್ಪೃಶ್ಯರೆನಿಸಿಕೊಂಡವರ ಪರಿಷತ್ತು ನಡೆದದ್ದು ನಿಪ್ಪಾಣಿಯಲ್ಲಿ, ಅಧ್ಯಕ್ಷರು ಬಿ.ಆರ್. ಅಂಬೇಡ್ಕರ್. ಅವರು ಕಟ್ಟಿದ ಬಹಿಷ್ಕೃತ ಹಿತಕಾರಿಣಿ ಸಭೆ ಶುರುವಾಗಿ ಇನ್ನೂ ಒಂದು ವರ್ಷ ಆಗಿರಲಿಲ್ಲ, ಮಹಾಡದ ಕೆರೆ ಸತ್ಯಾಗ್ರಹಕ್ಕೆ ಇನ್ನೂ ಎರಡು ವರ್ಷ ಇತ್ತು. ಯಾಕೆ ನಿಪ್ಪಾಣಿ? ಪಕ್ಕದ ಕೊಲ್ಹಾಪುರದಲ್ಲಿ ಶಾಹು ಮಹಾರಾಜರು ಆಗಲೇ ಮೀಸಲಾತಿ ಜಾರಿ ಮಾಡಿದ್ದರು, 1920ರಲ್ಲಿ ಮಾಣಗಾವಿಯ ಪರಿಷತ್ತಿನಲ್ಲಿ ಅಂಬೇಡ್ಕರರನ್ನು ಜನರ ಮುಂದೆ ನಿಲ್ಲಿಸಿದ್ದರು. ಆ ಗಾಳಿ ದೂಧಗಂಗೆ ದಾಟಿ ಇಲ್ಲಿಗೂ ಬೀಸಿತ್ತು. ಇನ್ನೂ ಸ್ವಲ್ಪ ಹಿಂದೆ ಹೋದರೆ, ಊರ ಪಕ್ಕದ ಸ್ತವನಿಧಿ ಜೈನ ಕ್ಷೇತ್ರದಲ್ಲಿ 1899ರಲ್ಲಿ ದಕ್ಷಿಣ ಭಾರತ ಜೈನ ಸಭೆ ಹುಟ್ಟಿತು, ರೈತಾಪಿ ಜೈನರ ಮಕ್ಕಳಿಗೆ ಹಾಸ್ಟೆಲು, ಶಾಲೆ ಮಾಡಿಕೊಟ್ಟ ಸಂಸ್ಥೆ. ಅದರ ಸದಸ್ಯರು ಈಗಿನ ಗಡಿಯ ಎರಡೂ ಕಡೆ ಇದ್ದಾರೆ.

ಈಗಿನ ನಿಪ್ಪಾಣಿಯಲ್ಲಿ ತಂಬಾಕಿನ ಜಾಗವನ್ನು ಕಬ್ಬು ಬಹಳಷ್ಟು ತಿಂದಿದೆ. ದೂಧಗಂಗಾ, ವೇದಗಂಗಾ ನೀರು ಹರಿದ ಕಡೆಯೆಲ್ಲ ಕಬ್ಬೇ. ಚಿಕ್ಕೋಡಿಯಿಂದ ಬೇರೆಯಾಗಿ ನಿಪ್ಪಾಣಿ ತಾನೇ ತಾಲ್ಲೂಕು ಆಗಿದೆ. ಮರಾಠಿ ಮಾಧ್ಯಮದ ಸರ್ಕಾರಿ ಶಾಲೆಗಳು ನಡೆಯುತ್ತಿವೆ, ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಏರ್ಪಾಡು ಮಾಡಬೇಕು ಅನ್ನುವ 350ಎ ವಿಧಿ ಸಂವಿಧಾನಕ್ಕೆ ಸೇರಿದ್ದೂ ರಾಜ್ಯಗಳನ್ನು ಮರುವಿಂಗಡಿಸಿದ 1956ರಲ್ಲೇ. ನವೆಂಬರ್ 1 ಬಂದರೆ ಒಬ್ಬರಿಗೆ ರಾಜ್ಯೋತ್ಸವ, ಇನ್ನೊಬ್ಬರಿಗೆ ಕರಾಳ ದಿನ. ಗಲಾಟೆ ಜೋರಾದರೆ ಎರಡೂ ರಾಜ್ಯದ ಬಸ್ಸುಗಳು ನಿಲ್ಲುತ್ತವೆ, 2022ರ ಡಿಸೆಂಬರ್‌ನಲ್ಲಿ ಆದ ಹಾಗೆ. ಆಗ ತೊಂದರೆ ಆಗುವುದು ಕೊಲ್ಹಾಪುರದ ಕಾಲೇಜಿಗೆ ಹೋಗುವ ಹುಡುಗಿಗೆ, ಡಯಾಲಿಸಿಸ್‌ಗೆ ಹೊರಟ ಅಜ್ಜನಿಗೆ, ದಿನಗೂಲಿಯವರಿಗೆ. ಅದೇ ತಿಂಗಳು ಎರಡೂ ರಾಜ್ಯಗಳ ವಿಧಾನಮಂಡಲಗಳು ಗಡಿಯ ಬಗ್ಗೆ ಒಂದಕ್ಕೊಂದು ವಿರುದ್ಧವಾದ ನಿರ್ಣಯವನ್ನು ತಮ್ಮ ತಮ್ಮ ಸದನದಲ್ಲಿ ಒಮ್ಮತದಿಂದ ಮಾಡಿದವು.

ಬೀಡಿ ಕಟ್ಟುವ ಹೆಂಗಸರು ಮಾತ್ರ ಇನ್ನೂ ಇದ್ದಾರೆ. ಇವರ ದವಾಖಾನೆ, ಮಕ್ಕಳ ವಿದ್ಯಾರ್ಥಿವೇತನ, ಮನೆಗೆ ಸಹಾಯಧನ ಇದಕ್ಕೆಲ್ಲ ದುಡ್ಡು ಬರುತ್ತಿದ್ದದ್ದು ಬೀಡಿಯ ಮೇಲಿನ ಸೆಸ್‌ನಿಂದ. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ ರದ್ದಾಯಿತು. ಆಮೇಲೆ ಈ ಯೋಜನೆಗಳು ಕೇಂದ್ರ ಬಜೆಟ್ಟಿನಲ್ಲಿ ಎಷ್ಟು ಇಟ್ಟರೆ ಅಷ್ಟರಲ್ಲೇ ನಡೆಯಬೇಕು. ಬೀಡಿ ಸೇದುವುದು ಕಡಿಮೆಯಾಗಲಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಡೀ ಆಯುಷ್ಯ ಆ ಘಾಟಿನಲ್ಲಿ ಕಳೆದವರಿಗೆ ಬೇರೆ ಕೆಲಸ, ಪಿಂಚಣಿ, ಎದೆಯ ಕಾಯಿಲೆಗೆ ಔಷಧಿ ಕೊಡಬೇಕಾದವರು ಯಾರು? ನಿಪ್ಪಾಣಿ ನಮ್ಮದು ಅಂತ ಎದೆ ತಟ್ಟಿ ಹೇಳುವವರು, ಅವರು ಯಾವ ಕಡೆಯವರೇ ಆಗಲಿ, ಸದನದಲ್ಲಿ ಈ ಪ್ರಶ್ನೆಯನ್ನೂ ಎತ್ತಲಿ ಅಂತ ನಾನು ಕೇಳುತ್ತೇನೆ.